ನನ್ನ ಚಿನ್ನ ಮನೆಗೆ ಬಂತು, ಆ ಹುಡುಗ ಬರಲಿಲ್ಲ: ಗೃಹ ಸಚಿವರಿಗೂ ವಿರೋಧ ಪಕ್ಷದ ನಾಯಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ, ಮಾನ್ಯ ವಿರೋಧ ಪಕ್ಷದ ನಾಯಕರೇ,

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಿವೃತ್ತ ಶಿಕ್ಷಕಿ. ಸರ್ಕಾರಿ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದ್ದೇನೆ. ಯಾವ ಪಕ್ಷಕ್ಕೂ ಸೇರಿದವಳಲ್ಲ.

2021ರ ನವೆಂಬರ್. ಬೆಳಗ್ಗೆ ಆರೂಕಾಲು ಗಂಟೆ. ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಬೈಕೊಂದು ನಿಧಾನವಾಗಿ ಬಂತು. ವಿಳಾಸ ಕೇಳಬಹುದು ಅಂದುಕೊಂಡು ತಲೆ ಎತ್ತಿದೆ. ಹಿಂದೆ ಕೂತವನ ಕೈ ನನ್ನ ಕುತ್ತಿಗೆಗೆ ಬಂತು. ಮೂವತ್ತೆರಡು ಗ್ರಾಂ ಸರ. ನಾನು ಬಿದ್ದೆ, ರಂಗೋಲಿ ಡಬ್ಬಿಯೂ ಬಿತ್ತು. ಕುತ್ತಿಗೆಯ ಮೇಲೆ ಕೆಂಪು ಗೆರೆ ಒಂದು ತಿಂಗಳು ಉಳಿಯಿತು. ಅದಾದ ಮೇಲೆ ಎರಡು ವರ್ಷ ನಾನು ಬೆಳಕು ಹರಿಯುವ ಮೊದಲು ಬಾಗಿಲು ತೆಗೆಯಲಿಲ್ಲ. ಈಗಲೂ ಹಿಂದಿನಿಂದ ಬೈಕಿನ ಸದ್ದು ಬಂದರೆ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಜೈಲಿನಲ್ಲಿರುವ ಬಡವರ ಬಗ್ಗೆ ಯಾರಾದರೂ ಮಾತಾಡಿದರೆ, "ನಿಮ್ಮ ಮನೆಯವರಿಗೆ ಹೀಗಾಗಿದ್ದರೆ ಗೊತ್ತಾಗುತ್ತಿತ್ತು" ಅನ್ನುವವರು ಇದ್ದಾರೆ. ನನಗೆ ಆಗಿದೆ. ಆಗಿದ್ದಕ್ಕೇ ಬರೆಯುತ್ತಿದ್ದೇನೆ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ಹೊರಗೆ ಬಂದಾಗೆಲ್ಲ ನೀವಿಬ್ಬರೂ ಅದನ್ನೇ ಹಿಡಿದು ಮಾತಾಡುತ್ತೀರಿ. ಒಬ್ಬರು ಅಪರಾಧ ಕಡಿಮೆಯಾಗಿದೆ ಅನ್ನುತ್ತೀರಿ, ಇನ್ನೊಬ್ಬರು ಗೂಂಡಾ ರಾಜ್ಯ ಅನ್ನುತ್ತೀರಿ. ಸರ್ಕಾರ ಬದಲಾದರೆ ಮಾತುಗಳೂ ಅದಲು ಬದಲಾಗುತ್ತವೆ. ಆ ವರದಿಯನ್ನು ನಾನೂ ಓದಿದೆ. ಗಣಿತದ ಟೀಚರ್ ಆಗಿದ್ದವಳು, ಹಾಗಾಗಿ ಮೊದಲು ಕಣ್ಣು ಹೋಗಿದ್ದು ಭಾಗಿಸುವ ಸಂಖ್ಯೆಯ ಮೇಲೆ. ಲಕ್ಷ ಜನಕ್ಕೆ ಎಷ್ಟು ಅಪರಾಧ ಅಂತ ಲೆಕ್ಕ ಹಾಕುವಾಗ ಬೆಂಗಳೂರಿಗೆ ಅವರು ಹಿಡಿದಿರುವ ಜನಸಂಖ್ಯೆ 85 ಲಕ್ಷ. ಅದು 2011ರ ಜನಗಣತಿಯದು. 2021ರ ಗಣತಿ ನಡೆಯಲೇ ಇಲ್ಲ. ಈಗ ಊರಲ್ಲಿ ಒಂದೂಕಾಲು ಕೋಟಿಗೂ ಜಾಸ್ತಿ ಜನ ಇದ್ದೇವೆ, ಅಲ್ವಾ? 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ಸೈಬರ್ ಅಪರಾಧ 17,631. ಅದನ್ನು 85 ಲಕ್ಷ ಜನಕ್ಕೆ ಹಂಚಿದರೆ ಲಕ್ಷಕ್ಕೆ 207 ಬರುತ್ತದೆ. ಒಂದೂಕಾಲು ಕೋಟಿಗೆ ಹಂಚಿದರೆ 141. ಅಪರಾಧ ಅಷ್ಟೇ, ಊರೂ ಅದೇ. ಭಾಗಿಸಿದ ಸಂಖ್ಯೆ ಮಾತ್ರ ಬೇರೆ.

ಇನ್ನೊಂದು ವಿಷಯ. ಸರ ಹೋದ ಮಾರನೇ ವರ್ಷ ನನ್ನ ಮಗನ ಫೋನನ್ನು ಬಸ್ಸಿನಲ್ಲಿ ಜೇಬಿನಿಂದ ಎಗರಿಸಿದರು. ಠಾಣೆಗೆ ಹೋದರೆ, "ಕಳೆದುಹೋಗಿದೆ ಅಂತ ಆನ್‌ಲೈನ್‌ನಲ್ಲಿ ಹಾಕಿ, ಸಿಮ್ ತೆಗೆದುಕೊಳ್ಳೋಕೆ ಅಷ್ಟು ಸಾಕು" ಎಂದರು. ಅವನೂ ಕೆಲಸಕ್ಕೆ ಹೊತ್ತಾಗುತ್ತದೆ ಅಂತ ಹಾಗೇ ಮಾಡಿದ. ಅಲ್ಲಿಗೆ ಒಂದು ಕಳ್ಳತನ ಲೆಕ್ಕದಿಂದ ಹೋಯಿತು. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು 2013ರಲ್ಲಿ. ದೂರನ್ನೆಲ್ಲ ಸರಿಯಾಗಿ ಬರೆದುಕೊಳ್ಳುವ ಠಾಣೆಯ ಅಂಕಿ ಏರುತ್ತದೆ. ವಾಪಸ್ ಕಳಿಸುವ ಠಾಣೆಯ ಅಂಕಿ ಇಳಿಯುತ್ತದೆ. ಕೇರಳದ ಅಪರಾಧ ದರ ವರ್ಷ ವರ್ಷವೂ ಮೇಲೆ ಕಾಣುತ್ತದೆ. ಅಲ್ಲಿ ಜನ ದೂರು ಕೊಡುತ್ತಾರೆ, ಪೊಲೀಸರು ಬರೆದುಕೊಳ್ಳುತ್ತಾರೆ ಎಂಬುದು ಅದಕ್ಕೆ ದೊಡ್ಡ ಕಾರಣ. ಅಪರಾಧ ಹೆಚ್ಚಾಗುವುದು ಬೇರೆ, ದಾಖಲಾಗುವುದು ಹೆಚ್ಚಾಗುವುದು ಬೇರೆ ಅಂತ ಬ್ಯೂರೋದವರೇ ತಮ್ಮ ವರದಿಯಲ್ಲಿ ಎಚ್ಚರಿಸುತ್ತಾರೆ. ಆ ಮಾತನ್ನು ನೀವಿಬ್ಬರೂ ಸದನದಲ್ಲಿ ಓದಿದ್ದನ್ನು ನಾನು ಕೇಳಿಲ್ಲ. ದಯವಿಟ್ಟು ಒಮ್ಮೆ ಓದಿ. ಅಂಕಿ ಏರಿತು ಅಂತ ಇನ್‌ಸ್ಪೆಕ್ಟರ್‌ಗೆ ಬೈಗುಳ ಬೀಳುತ್ತಿರುವವರೆಗೂ ನನ್ನ ಮಗನಂಥವರ ದೂರು ಬರಹಕ್ಕೆ ಇಳಿಯುವುದಿಲ್ಲ.

ಈಗ ನನ್ನ ಕೇಸಿಗೆ ಬರುತ್ತೇನೆ.

ಹತ್ತು ದಿನಕ್ಕೆ ಇಬ್ಬರು ಹುಡುಗರನ್ನು ಹಿಡಿದರು. ಒಬ್ಬನಿಗೆ ಹತ್ತೊಂಬತ್ತು ವರ್ಷ. ನನ್ನದೂ ಸೇರಿ ಅವನ ಮೇಲೆ ಮೂರು ಕೇಸು ಹಾಕಿದರು. ಸರ ಸರವಾಗಿ ಸಿಗಲಿಲ್ಲ. ಗಿರವಿ ಅಂಗಡಿಯೊಂದರಿಂದ ಕರಗಿಸಿದ ಚಿನ್ನದ ಗಟ್ಟಿ ವಶಪಡಿಸಿಕೊಂಡರು. ನನ್ನ ಪಾಲಿಗೆ ಇಪ್ಪತ್ತನಾಲ್ಕು ಗ್ರಾಂ ಅಂತ ಬರೆದರು. ಬೆಳ್ಳಂಬೆಳಗ್ಗೆ ಹರಿದ ಸರ ತಂದವನಿಂದ ಬಿಲ್ಲಿಲ್ಲದೆ ಚಿನ್ನ ಕೊಂಡವರು ಯಾರು, ಅವರ ಮೇಲೆ ಏನು ಕ್ರಮ ಅಂತ ನಾನು ಎರಡು ಸಲ ಕೇಳಿದೆ. ಉತ್ತರ ಬರಲಿಲ್ಲ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಳ್ಳುವುದು ಅಪರಾಧವೇ. ಕೊಳ್ಳುವವನಿಲ್ಲದಿದ್ದರೆ ಕುತ್ತಿಗೆಗೆ ಕೈ ಹಾಕುವವನು ಎಲ್ಲಿ ಹುಟ್ಟುತ್ತಾನೆ?

ಚಿನ್ನ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ನನ್ನದೇ ಚಿನ್ನಕ್ಕೆ ನಾನು ಬಾಂಡ್ ಬರೆದುಕೊಡಬೇಕು, ಜೊತೆಗೆ ಒಬ್ಬ ಜಾಮೀನುದಾರ ಬೇಕು. ಕೋರ್ಟು ಕೇಳಿದಾಗ ತಂದು ಹಾಜರುಪಡಿಸುತ್ತೇನೆ ಎಂಬ ಮಾತಿಗೆ ಖಾತ್ರಿ. ನನಗೆ ಕಷ್ಟವಾಗಲಿಲ್ಲ. ನನ್ನ ತಮ್ಮನಿಗೆ ತುಮಕೂರಿನ ಕಡೆ ಜಮೀನಿದೆ. ಪಹಣಿ ಮತ್ತು ಆಧಾರ್ ಹಿಡಿದು ಬಂದ, ಸಹಿ ಹಾಕಿದ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯಿತು.

ಅದೇ ಕಾರಿಡಾರಿನಲ್ಲಿ ಒಬ್ಬ ಹೆಂಗಸು ನಿಂತಿದ್ದರು. ವಕೀಲರ ಗುಮಾಸ್ತರು ನನ್ನ ಕೇಸಿನ ನಂಬರ್ ಕೂಗಿದಾಗ ಅವರು ನನ್ನ ಕಡೆ ತಿರುಗಿದರು. ಆ ಹುಡುಗನ ತಾಯಿ. ಹತ್ತಿರ ಬಂದು, "ಅಮ್ಮಾ, ಬೇಲ್ ಆಗಿ ಎರಡು ತಿಂಗಳಾಯ್ತು, ಇನ್ನೂ ಒಳಗೇ ಇದ್ದಾನೆ" ಎಂದರು. ನನಗೆ ಅರ್ಥವಾಗಲಿಲ್ಲ. ಬೇಲ್ ಆದ ಮೇಲೆ ಬಿಡುತ್ತಾರಲ್ಲ ಅಂದೆ.

ಬಿಡಬೇಕಾದರೆ ಜಾಮೀನುದಾರರು ಬೇಕಿತ್ತು. ಮೂರು ಕೇಸು, ಒಂದೊಂದಕ್ಕೆ ಇಬ್ಬರು, ತಲಾ ಐವತ್ತು ಸಾವಿರಕ್ಕೆ. ಆಸ್ತಿ ಪತ್ರ ಇರುವ ಆರು ಜನ. ಆ ತಾಯಿ ನಾಲ್ಕು ಮನೆಯಲ್ಲಿ ಕೆಲಸ ಮಾಡುವವರು. ಗಂಡ ಇಲ್ಲ. ಒಂದೇ ಕೋಣೆಯ ಬಾಡಿಗೆ ಮನೆ. ಅವರ ಬಳಗದಲ್ಲಿ ಯಾರ ಹೆಸರಲ್ಲೂ ಒಂದು ಗುಂಟೆ ಜಾಗ ಇಲ್ಲ. ಕೆಲಸದ ಮನೆಯವರನ್ನು ಕೇಳಿದ್ದರಂತೆ. ಒಬ್ಬರು ಮರುದಿನದಿಂದ ಕೆಲಸಕ್ಕೆ ಬರಬೇಡ ಎಂದರಂತೆ. ಕೋರ್ಟಿನ ಹೊರಗೆ ಒಬ್ಬ ಸಿಕ್ಕಿ, ಒಂದು ಜಾಮೀನಿಗೆ ಇಷ್ಟು ಅಂತ ರೇಟು ಹೇಳಿದನಂತೆ. ನಕಲಿ ಪಹಣಿ, ನಕಲಿ ಆಧಾರ್ ಇಟ್ಟುಕೊಂಡು ಜಾಮೀನು ನಿಲ್ಲುವವರ ಗುಂಪುಗಳನ್ನು ಬೆಂಗಳೂರಿನಲ್ಲಿ ಪೊಲೀಸರೇ ಹಲವು ಸಲ ಹಿಡಿದಿದ್ದಾರೆ. ದುಡ್ಡಿದ್ದ ಕಳ್ಳ ಅವರ ಹತ್ತಿರ ಹೋಗಿ ಹೊರಗೆ ಬರುತ್ತಾನೆ. ಈ ತಾಯಿಯ ಹತ್ತಿರ ಅದಕ್ಕೂ ದುಡ್ಡಿರಲಿಲ್ಲ.

ಅವತ್ತು ನನ್ನ ಚಿನ್ನ ನನ್ನ ಕೈಚೀಲದಲ್ಲಿ ಮನೆಗೆ ಬಂತು. ಆಟೋದಲ್ಲಿ ಕೂತಾಗ ಒಂದೇ ಯೋಚನೆ. ಚಿನ್ನಕ್ಕೂ ಹುಡುಗನಿಗೂ ಕೋರ್ಟು ಕೇಳಿದ್ದು ಒಂದನ್ನೇ: ಕರೆದಾಗ ಬರುತ್ತೀಯಾ, ಖಾತ್ರಿ ಕೊಡು. ನನ್ನ ಚಿನ್ನಕ್ಕೆ ಖಾತ್ರಿ ಕೊಡಲು ಒಂದು ಪಹಣಿ ಇತ್ತು, ಅವನಿಗೆ ಇರಲಿಲ್ಲ. ಕೋರ್ಟು ಅವನನ್ನು ಒಳಗಿಡು ಎಂದು ಹೇಳಲಿಲ್ಲ. ಬಿಡು ಎಂದೇ ಹೇಳಿತ್ತು. ಒಳಗಿಟ್ಟಿದ್ದು ಬಡತನ.

ಬೇಲ್ ಆದ ಮೇಲೆ ಅವನು ಎಂಟು ತಿಂಗಳು ಒಳಗಿದ್ದ. ಕೊನೆಗೆ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರೊಬ್ಬರು ಅರ್ಜಿ ಹಾಕಿ, ಕೋರ್ಟು ಷರತ್ತು ಸಡಿಲಿಸಿ, ಹೊರಗೆ ಬಂದ. ಆ ವಕೀಲರು ಮೊದಲ ತಿಂಗಳೇ ಸಿಕ್ಕಿದ್ದರೆ ಅಂತ ಈಗಲೂ ಅಂದುಕೊಳ್ಳುತ್ತೇನೆ. ಈ ಪತ್ರ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು: ಕಾನೂನು ನೆರವಿನ ಸಹಾಯವಾಣಿ 15100.

ಸ್ವಾಮಿ, ಇದು ಹೊಸ ಸಮಸ್ಯೆ ಅಲ್ಲ. 1978ರಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಕೋರ್ಟು ಹತ್ತು ಸಾವಿರಕ್ಕೆ ಜಾಮೀನುದಾರ ಬೇಕು ಎಂದಿತು. ಅಣ್ಣತಮ್ಮ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಅದು ತಪ್ಪು ಅಂತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದರು. ಮರುವರ್ಷ ಬಿಹಾರದ ಜೈಲುಗಳಲ್ಲಿ, ಶಿಕ್ಷೆಯಾದರೂ ಇಷ್ಟು ದಿನ ಇರಬೇಕಿಲ್ಲದವರು ವರ್ಷಗಟ್ಟಲೆ ಕೊಳೆಯುತ್ತಿದ್ದದ್ದು ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಬಯಲಿಗೆ ಬಂತು. ಮೊನ್ನೆ ಮೊನ್ನೆ, 2024ರ ಆಗಸ್ಟ್‌ನಲ್ಲಿ, 13 ಕೇಸುಗಳಲ್ಲಿ ಬೇಲ್ ಸಿಕ್ಕಿಯೂ ಬೇರೆ ಬೇರೆ ಜಾಮೀನುದಾರರು ಸಿಗದೆ ಒಳಗಿದ್ದ ಒಬ್ಬನಿಗೆ, ಅದೇ ಇಬ್ಬರು ಎಲ್ಲದಕ್ಕೂ ನಿಲ್ಲಬಹುದು ಅಂತ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಅಷ್ಟು ಮೇಲಿನವರೆಗೆ ಹೋಗಲು ಎಲ್ಲ ತಾಯಂದಿರಿಗೂ ಆಗುತ್ತದೆಯೇ?

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದರಷ್ಟು ಜನರ ತಪ್ಪನ್ನು ಇನ್ನೂ ಯಾರೂ ಸಾಬೀತು ಮಾಡಿಲ್ಲ. ಜೈಲುಗಳ ಒಟ್ಟು ಸಾಮರ್ಥ್ಯವೇ 4,36,266. ವಿಚಾರಣಾಧೀನರೇ ಜಾಗವನ್ನೆಲ್ಲ ತುಂಬಿದ್ದಾರೆ. ಅವರಲ್ಲಿ ಹೆಚ್ಚಿನವರು ಹತ್ತನೇ ತರಗತಿಯನ್ನೂ ಮುಟ್ಟಿದವರಲ್ಲ. ಟೀಚರ್ ಆಗಿದ್ದ ನನಗೆ ಆ ಸಾಲು ಓದಿ ಸಂಕಟವಾಯಿತು. ಏಳನೇ ತರಗತಿಯಲ್ಲಿ ಬಿಟ್ಟು ಹೋದ ಎಷ್ಟು ಮುಖಗಳು ನೆನಪಾದವು.

"ಬಡತನವೇ ಅಪರಾಧಕ್ಕೆ ಕಾರಣ" ಅಂತ ಕೆಲವರು ಭಾಷಣದಲ್ಲಿ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಆ ತಾಯಿಯ ಕೈಯಲ್ಲಿ ನಾಲ್ಕು ಮನೆಗಳ ಬೀಗದ ಕೈ ಇತ್ತು. ನಾಲ್ಕೂ ಮನೆಯಲ್ಲಿ ಬೀರು, ಬಂಗಾರ ಇತ್ತು. ಇಪ್ಪತ್ತು ವರ್ಷದಲ್ಲಿ ಒಂದು ಚಮಚ ಕಾಣೆಯಾಗಲಿಲ್ಲ. ಬಡವರೆಲ್ಲ ಕಳ್ಳರಾಗುವಂತಿದ್ದರೆ ಈ ಊರಲ್ಲಿ ಒಂದು ದಿನ ಬಾಳುವುದಕ್ಕೆ ಆಗುತ್ತಿರಲಿಲ್ಲ. ಬಡವರ ಪರ ಅಂದುಕೊಂಡು ಆಡುವ ಈ ಮಾತು ಅವರ ಮೇಲೆಯೇ ಅನುಮಾನ ಹುಟ್ಟಿಸುತ್ತದೆ.

ಅಂಥ ಅನುಮಾನ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾನು ನೋಡಿದ್ದೇನೆ. ಮದುವೆಗೆ ಮೊದಲು ಹುಬ್ಬಳ್ಳಿಯಲ್ಲಿ ಎರಡು ವರ್ಷ ಪಾಠ ಹೇಳುತ್ತಿದ್ದೆ. ಅಲ್ಲಿ ಸೆಟ್ಲಮೆಂಟ್ ಅಂತ ಒಂದು ಭಾಗ ಇದೆ. ಗದಗ ಬೆಟಗೇರಿಯಲ್ಲೂ ಇದೆ. ಇಂಗ್ಲಿಷರು 1871ರಲ್ಲಿ ತಂದ ಕಾಯ್ದೆಯಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರು ಎಂದು ಬರೆದುಬಿಟ್ಟರು. ಅಂಥ ಕುಟುಂಬಗಳನ್ನು ತಂದು ಕಾವಲಿನಲ್ಲಿ ಇಟ್ಟು, ಹಾಜರಿ ಕೂಗುತ್ತಿದ್ದ ಜಾಗ ಅದು. 1952ರಲ್ಲಿ ಆ ಕಾಯ್ದೆ ಹೋಯಿತು. ಹೆಸರು ಹೋಗಲಿಲ್ಲ. ನನ್ನ ತರಗತಿಯ ಮಕ್ಕಳು ಯಾರಾದರೂ ಮನೆ ಎಲ್ಲಿ ಅಂತ ಕೇಳಿದರೆ ಪಕ್ಕದ ಓಣಿಯ ಹೆಸರು ಹೇಳುತ್ತಿದ್ದರು. ಶಾಲೆಯಲ್ಲಿ ಒಂದು ಪೆನ್ನು ಕಳೆದರೂ ಮೊದಲು ತಡಕುತ್ತಿದ್ದದ್ದು ಅವರ ಚೀಲವನ್ನೇ. ನಾನೂ ಒಂದು ಸಲ ತಡಕಿದ್ದೇನೆ. ಪೆನ್ನು ಬೇರೆ ಮಗುವಿನ ಡಬ್ಬಿಯಲ್ಲಿ ಸಿಕ್ಕಿತು. ಆ ಹುಡುಗಿ ಚೀಲಕ್ಕೆ ಪುಸ್ತಕ ತುಂಬಿಕೊಂಡ ರೀತಿ ನನಗೆ ಮರೆಯಲು ಆಗಿಲ್ಲ. ಜೈಲಿನ ರಿಜಿಸ್ಟರುಗಳಲ್ಲಿ ಜಾತಿಯ ಕಾಲಂ ಇರಬಾರದು, ಈ ಸಮುದಾಯಗಳ ಮೇಲೆ ಹಳೆಯ ಹಣೆಪಟ್ಟಿ ಹಚ್ಚಬಾರದು ಅಂತ ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಕಾಯ್ದೆ ಹೋಗಿ 72 ವರ್ಷವಾದ ಮೇಲೆ.

ಇನ್ನು ಕಠಿಣ ಶಿಕ್ಷೆ ಬೇಕು ಅನ್ನುವವರಿಗೆ ನನ್ನ ಕೇಸಿನ ಉಳಿದ ಕಥೆ ಹೇಳುತ್ತೇನೆ. ಅದು ಆಗಿನ ಐಪಿಸಿ 392ನೇ ಸೆಕ್ಷನ್, ಸುಲಿಗೆ. ಹತ್ತು ವರ್ಷದವರೆಗೆ ಶಿಕ್ಷೆ ಕೊಡಬಹುದಿತ್ತು. ಕಾನೂನು ಸಾಕಷ್ಟು ಕಠಿಣವಾಗಿಯೇ ಇತ್ತು. ಆದರೆ ಬೈಕಿನವರು ಹೆಲ್ಮೆಟ್ ಹಾಕಿದ್ದರು. ನಾನು ಕಂಡದ್ದು ಒಂದು ಕೈ ಮಾತ್ರ. ಗುರುತು ಹಿಡಿಯುವ ಪರೇಡ್ ನಡೆಸಲೇ ಇಲ್ಲ. ಕೋರ್ಟಿನಲ್ಲಿ "ಇವನೇನಾ?" ಎಂದು ಕೇಳಿದಾಗ ದೇವರಾಣೆಗೂ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ. ಮಹಜರಿಗೆ ಸಹಿ ಹಾಕಿದ್ದ ಒಬ್ಬರು ಊರು ಬಿಟ್ಟಿದ್ದರು. ಇನ್ನೊಬ್ಬರು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದರು. ತನಿಖಾಧಿಕಾರಿ ನಾಲ್ಕು ವಾಯಿದೆಗೆ ಬರಲಿಲ್ಲ, ಬಂದೋಬಸ್ತ್ ಡ್ಯೂಟಿ. ಸರ್ಕಾರಿ ವಕೀಲರು ಮೂರು ಸಲ ಬದಲಾದರು. ಪ್ರತಿ ಸಲವೂ ಹೊಸಬರು ಅಲ್ಲೇ ನಿಂತು ಫೈಲು ತಿರುವಿ, "ಅಮ್ಮ, ಏನು ನಡೆಯಿತು ಬೇಗ ಹೇಳಿ" ಅನ್ನುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೇಜಿನ ಮೇಲೆ ಅವತ್ತಿನ ಕೇಸುಗಳೇ ಒಂದು ಗುಡ್ಡೆ ಇದ್ದವು.

2025ರಲ್ಲಿ ತೀರ್ಪು ಬಂತು. ಸಾಕ್ಷ್ಯ ಸಾಲದು, ಬಿಡುಗಡೆ.

ಅವನು ಕದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕದ್ದಿದ್ದರೆ ಶಿಕ್ಷೆ ಆಗಲಿಲ್ಲ, ನನಗೆ ನ್ಯಾಯ ಸಿಗಲಿಲ್ಲ. ಕದ್ದಿಲ್ಲದಿದ್ದರೆ ಸುಮ್ನೆ ಅಷ್ಟು ತಿಂಗಳು ಜೈಲಲ್ಲಿ ಕೂತ, ಅವನಿಗೂ ನ್ಯಾಯ ಸಿಗಲಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಗೆದ್ದವರು ಯಾರು ಎಂದೇ ತಿಳಿಯಲಿಲ್ಲ.

ಹಿಡಿಯುವಾಗ ಆರೋಪಿಯ ಕಾಲಿಗೆ ಗುಂಡು ಎಂಬ ಸುದ್ದಿ ಈಗ ವಾರಕ್ಕೊಂದು ಬರುತ್ತದೆ. ನಮ್ಮ ಬೀದಿಯಲ್ಲೂ ಜನ ಚಪ್ಪಾಳೆ ತಟ್ಟುತ್ತಾರೆ. ಅವರನ್ನು ಕ್ರೂರಿಗಳು ಅನ್ನಲಾರೆ. ಕೋರ್ಟಿನಲ್ಲಿ ಇದು ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತಿದೆ, ಅದಕ್ಕೇ ತಟ್ಟುತ್ತಾರೆ. ಹತ್ತು ವರ್ಷದ ಶಿಕ್ಷೆಯನ್ನು ಇಪ್ಪತ್ತು ಮಾಡಿದರೂ ಸಿಕ್ಕಿಬೀಳುವುದಿಲ್ಲ, ಸಾಬೀತಾಗುವುದಿಲ್ಲ ಎಂಬ ಧೈರ್ಯ ಇರುವವನಿಗೆ ಏನು ಭಯ? ಎರಡೇ ವರ್ಷದ ಶಿಕ್ಷೆ, ಆದರೆ ಆರು ತಿಂಗಳಲ್ಲಿ ಖಂಡಿತ ಆಗುತ್ತದೆ ಎಂದರೆ ಬೈಕ್ ಹತ್ತುವವನು ಯೋಚನೆ ಮಾಡುತ್ತಾನೆ. ನನಗೆ ಬೇಕಾಗಿದ್ದದ್ದು ಅದು.

ತನಿಖೆ ಮಾಡುವವರನ್ನೂ ಬಂದೋಬಸ್ತ್ ಮಾಡುವವರನ್ನೂ ಬೇರೆ ಮಾಡಿ ಅಂತ ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿ 2006ರಿಂದ ಲೆಕ್ಕ ಹಾಕಿದರೆ ಎಷ್ಟು ವರ್ಷವಾಯಿತು! ಆಮೇಲೆ ನಿಮ್ಮ ಎರಡೂ ಪಕ್ಷಗಳೂ ಅಧಿಕಾರದಲ್ಲಿದ್ದವು. ನನ್ನ ತನಿಖಾಧಿಕಾರಿ ಮಾತ್ರ ಬಂದೋಬಸ್ತಿನಲ್ಲೇ ಇದ್ದರು.

ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಬಂದಿದೆಯಲ್ಲ ಎಂದು ನೀವು ಹೇಳಬಹುದು. ಓದಿದ್ದೇನೆ. 2024ರ ಜುಲೈ 1ರಿಂದ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಲ್ಲಿ ಕಳೆದಿದ್ದರೆ ಬಿಡಬೇಕು. ಒಳ್ಳೆಯದೇ. ಆದರೆ ಹತ್ತು ವರ್ಷದ ಸೆಕ್ಷನ್ ಹಾಕಿದ್ದರೆ ಮೂರನೇ ಒಂದು ಎಂದರೆ ಮೂರು ವರ್ಷ ನಾಲ್ಕು ತಿಂಗಳು. ಒಂದಕ್ಕಿಂತ ಜಾಸ್ತಿ ಕೇಸಿದ್ದರೆ ಅದೂ ಇಲ್ಲ. ಈ ಹುಡುಗನ ಮೇಲೆ ಮೂರು ಇದ್ದವು. ಬಡ ಕೈದಿಗಳಿಗೆ ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದಿತು, ವಿಚಾರಣಾಧೀನರ ಜಾಮೀನಿಗೆ ಆಗ 40,000 ರೂಪಾಯಿವರೆಗೆ ಕೊಡುವುದಾಗಿ ಹೇಳಿತ್ತು. ಅದೂ ಒಳ್ಳೆಯದೇ. ಆದರೆ ಕೋರ್ಟು ಕೇಳುವುದು ಪಹಣಿ ಇರುವ ಮನುಷ್ಯನನ್ನಾದರೆ ಆ ದುಡ್ಡು ಏನು ಮಾಡೀತು? ನಗದು ಠೇವಣಿಯನ್ನೋ ವೈಯಕ್ತಿಕ ಬಾಂಡನ್ನೋ ಒಪ್ಪಲು ಅಡ್ಡಿಯಿಲ್ಲ ಅಂತ ನಿಮ್ಮ ಸರ್ಕಾರಿ ವಕೀಲರೇ ಕೋರ್ಟಿನಲ್ಲಿ ಹೇಳಬಹುದು. ಸಣ್ಣ ಕೇಸುಗಳಲ್ಲಿ ಹಾಗೆ ಹೇಳಿ ಎಂದು ಇಲಾಖೆಯಿಂದ ಒಂದು ಸುತ್ತೋಲೆ ಸಾಕು, ಸಚಿವರೇ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ.

ನನ್ನ ಜೊತೆ ಕೆಲಸ ಮಾಡಿದ ಒಬ್ಬರು, ಪೊಲೀಸರೆಂದು ಸುಳ್ಳು ಹೇಳಿ ಫೋನಿನಲ್ಲೇ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದವರಿಗೆ ನಿವೃತ್ತಿಯ ದುಡ್ಡನ್ನೆಲ್ಲ ಕಳಿಸಿಬಿಟ್ಟರು. ನನ್ನ ಸರದ ಎಷ್ಟೋ ಪಟ್ಟು ಹಣ. ಆ ಕೇಸಿನಲ್ಲಿ ಇವತ್ತಿನವರೆಗೆ ಒಬ್ಬರೂ ಒಳಗಿಲ್ಲ. ಸುಲಭಕ್ಕೆ ಕೈಗೆ ಸಿಗುವವರು ಒಳಗೆ, ಸಿಗದವರು ಹೊರಗೆ. ಹೀಗಿರುವಾಗ ಜೈಲು ತುಂಬಿದ್ದನ್ನು ನೋಡಿ ಊರು ಸುರಕ್ಷಿತವಾಗಿದೆ ಅಂತ ನಾವು ಹೇಗೆ ನಂಬೋಣ?

ನಾನು ಕೇಳುವುದು ಒಂದು ಸಂಖ್ಯೆ. ಬೇಲ್ ಆದ ಏಳು ದಿನದಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು, ಬೇಲ್ ಆದ ತಾರೀಖನ್ನು ಜೈಲಿನ ಕಂಪ್ಯೂಟರಿಗೆ ಹಾಕಬೇಕು, ಒಂದು ತಿಂಗಳಾದರೂ ಜಾಮೀನು ಕೊಡಲಾಗದಿದ್ದರೆ ಕೋರ್ಟು ತಾನಾಗಿ ಷರತ್ತನ್ನು ಮತ್ತೆ ನೋಡಬಹುದು. ಇದೆಲ್ಲ 2023ರ ಜನವರಿ 31ರ ಸುಪ್ರೀಂ ಕೋರ್ಟಿನ ಆದೇಶ. ಹಾಗಾದರೆ ಆ ಲೆಕ್ಕ ನಿಮ್ಮ ಹತ್ತಿರ ಇರಲೇಬೇಕು. ಪರಪ್ಪನ ಅಗ್ರಹಾರದಿಂದ ಹಿಡಿದು ಕಲಬುರಗಿವರೆಗೆ, ನಮ್ಮ ರಾಜ್ಯದ ಒಂದೊಂದು ಜೈಲಿನಲ್ಲಿ, ಬೇಲ್ ಆಗಿಯೂ ಜಾಮೀನುದಾರರಿಲ್ಲದೆ ಇವತ್ತು ಎಷ್ಟು ಜನ ಕೂತಿದ್ದಾರೆ? ಎಷ್ಟು ದಿನದಿಂದ?

ವಿರೋಧ ಪಕ್ಷದ ನಾಯಕರೇ, ಬೆಳಗಾವಿಯ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ನೀವು ಕೇಳಿ. ಗೃಹ ಸಚಿವರೇ, ನೀವು ಉತ್ತರ ಕೊಡಿ. ಅವತ್ತು ಸದನದ ಕಲಾಪ ಟಿವಿಯಲ್ಲಿ ಬರುವಾಗ ನಾನು ಕಾಗದ ಪೆನ್ನು ಹಿಡಿದು ಕೂತಿರುತ್ತೇನೆ. ಆ ತಾಯಿಗೂ ಹೇಳಿದ್ದೇನೆ. ಕೆಲಸ ಮುಗಿಸಿಕೊಂಡು ಅವರೂ ನಮ್ಮ ಮನೆಗೆ ಬರುತ್ತೇನೆ ಎಂದಿದ್ದಾರೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಶಿಕ್ಷಕಿ, ಬೆಂಗಳೂರು